ತಾತನ ಊರಿಗೆ ನಾನು ಶಾನುಭೋಗ

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತಾರಲ್ಲ, ಆ ಎಡವಟ್ಟು ಕೆಲಸಗಳು ನನ್ನನ್ನು ಮಂಡ್ಯದಿಂದ ಅಮೆರಿಕದ ಲಾಸ್ ಆಲ್ಟೋಸ್‌ವರೆಗೂ ಹುಡುಕಿಕೊಂಡು ಬರುತ್ತವೆ. ಇಲ್ಲದಿದ್ದರೆ, ಕಣ್ಣಲ್ಲಿ ಕಾಣದ ಇಂಗ್ಲೆಂಡಿನ ಹಳ್ಳಿಯೊಂದರ ಚರಿತ್ರೆ ಬರೆಯೋ ಕೆಲಸ ನನಗ್ಯಾಕೆ ಬರಬೇಕು ಹೇಳಿ.

ಪಕ್ಕದ ಬೀದಿಯಲ್ಲಿ ಒಬ್ಬರು ಇಂಗ್ಲಿಷ್ ತಾತ ಇದ್ದಾರೆ. ಹುಡುಗರಾಗಿದ್ದಾಗ ಆ ಹಳ್ಳಿಯಿಂದ ಬಂದವರು, ಮತ್ತೆ ಹೋಗಲಿಲ್ಲ. ನೆನಪು ಕೈಕೊಡುತ್ತಿದೆ ಅಂತ ಡಾಕ್ಟರು ಹೇಳಿದ ಮೇಲೆ ಅವರಿಗೆ ಒಂದೇ ಹಟ. ಪೂರ್ತಿ ಮರೆಯೋ ಮೊದಲು ತಮ್ಮ ನಲವತ್ತು ಮನೆಯ ಊರನ್ನು ಪುಸ್ತಕ ಮಾಡಿಬಿಡಬೇಕು. ಫಾಸ್ಟರ್ ಸಿಟಿಯಲ್ಲಿ ಕೆಲಸ ಮಾಡೋ ಅವರ ಮಗಳು ನನ್ನನ್ನು ಕೇಳಿದಳು: "ವಾರಕ್ಕೆ ಮೂರು ಮಧ್ಯಾಹ್ನ ಬಂದು ಅಪ್ಪ ಹೇಳಿದ್ದನ್ನ ಟೈಪ್ ಮಾಡಿಕೊಡ್ತೀರಾ?" ನಾನೂ ರಿಟೈರ್ ಆಗಿ ಮನೇಲಿ ಸುಮ್ಮನೆ ಕೂತಿದ್ದೆ, ಹೂಂ ಅಂದೆ.

ಸ್ಮಶಾನ ಎಲ್ಲಿ?

ಮೊದಲು ಊರಿನ ನಕ್ಷೆ. ತಾತ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಚರ್ಚು, ಬೇಕರಿ, ಬಾತುಕೋಳಿ ಕೊಳ, ಹಿಂದೆ ಒಂದು ಹಳ್ಳ. "ಆಮೇಲೆ ಸ್ಮಶಾನ," ಅಂದರು. ಸ್ಮಶಾನ ಅಂದಮೇಲೆ ಕೇಳೋದೇನಿದೆ? ಹಳ್ಳದ ಆಚೆ ಹಾಕಿದೆ. ಊರಿಗೆ ಕಾಣದಿರಲಿ ಅಂತ ನಾಲ್ಕು ಮರ ಬೇರೆ.

ತಾತ ಕನ್ನಡಕ ಏರಿಸಿ ನೋಡಿದರು. "ನಮ್ಮಮ್ಮನ್ನ ಎಲ್ಲಿಗೆ ಸಾಗಿಸಿಬಿಟ್ರಿ? ಅವಳಿರೋದು ಚರ್ಚಿನ ಬಾಗಿಲ ಪಕ್ಕ!"

"ಊರೊಳಗೇನಾ? ಅಯ್ಯೋ ರಾಮ! ಸಂಜೆ ಹೊತ್ತು ಮಕ್ಕಳನ್ನ ಹೇಗೆ ಹೊರಗೆ ಬಿಡ್ತಿದ್ರು?"

"ನಾವು ಸಮಾಧಿ ಕಲ್ಲಿನ ಮೇಲೇ ಕೂತು ತಿಂಡಿ ತಿಂತಿದ್ವಿ."

ತಾತನ ಅಮ್ಮನನ್ನು ವಾಪಸ್ ಊರೊಳಗೆ ಕರೆತಂದು, ಮನೆಗೆ ಬಂದವಳೇ ತಲೆಗೆ ನೀರು ಹಾಕಿಕೊಂಡೆ. "ನಕ್ಷೆಗೂ ಮೈಲಿಗೆಯೇನೇ?" ಅಂತ ನಮ್ಮ ಯಜಮಾನರು ಒಂದು ವಾರ ಆಡಿಕೊಂಡರು.

ಎಷ್ಟು ಕೇರಿ?

"ಊರಲ್ಲಿ ಎಷ್ಟು ಕೇರಿ?" ಅಂತ ಕೇಳಿದೆ. ಹಾಗಂದ್ರೇನು ಅಂದರು. ಮೇಲಿನವರು ಒಂದು ಕಡೆ, ಕೆಳಗಿನವರು ಒಂದು ಕಡೆ ಇರೋದು ಅಂತ ಬಿಡಿಸಿ ಹೇಳಿದೆ. ತಾತನಿಗೆ ಸಿಟ್ಟು ಬಂತು. "ಅಂಥದ್ದೆಲ್ಲ ನಮ್ಮಲ್ಲಿಲ್ಲ. ಇರೋದೇ ಒಂದು ಬೀದಿ."

ಸ್ವಲ್ಪ ಹೊತ್ತಾದ ಮೇಲೆ ಚರ್ಚಿನ ಒಳಗಿನ ವರ್ಣನೆ ಶುರುವಾಯಿತು. ಜಮೀನ್ದಾರರ ಮನೆಯವರಿಗೆ ಮುಂದುಗಡೆ, ಚಿಕ್ಕ ಬಾಗಿಲು ಹಾಕಿದ ಬೇರೆ ಬೆಂಚು. ಅವರ ಹಿಂದೆ ರೈತರು. ಕೂಲಿಯವರಾದ ತಾತನ ಅಪ್ಪ ಅಮ್ಮ ಕಡೇ ಬೆಂಚಿನಲ್ಲಿ, ಗಾಳಿ ನುಗ್ಗೋ ಜಾಗದಲ್ಲಿ. ಪ್ರತಿ ಭಾನುವಾರ ಅಲ್ಲಿ ಕೂತೇ ತಾಯಿಗೆ ಕೆಮ್ಮು ಅಂಟಿತು, ಅದು ವಾಸಿಯಾಗಲೇ ಇಲ್ಲ ಅಂದರು.

ಮನಸ್ಸಿಗೆ ಕಷ್ಟವಾಯಿತು. ಆದರೂ ನನ್ನ ಬಾಯಿ ಕೇಳಬೇಕಲ್ಲ? "ನಿಮ್ಮಲ್ಲೂ ಕೇರಿ ಇದೆ ಬಿಡಿ ತಾತ. ಎಲ್ಲವನ್ನೂ ಒಂದೇ ಸೂರಿನ ಕೆಳಗೆ ಇಟ್ಟಿದ್ದೀರಿ, ಅಷ್ಟೆ," ಅಂದೆ.

ತಾತ ನನ್ನ ಕಡೆ ತಿರುಗಿ, "ಅದನ್ನೂ ಟೈಪ್ ಮಾಡಿ," ಅಂದರು.

ಯಾರ ಮನೆ ಹುಡುಗಿ?

ಆ ಹಳ್ಳಿಯಲ್ಲಿ ಊರಿನ ಚರಿತ್ರೆ ಕೂಡಿಸೋ ಹಿರಿಯರ ಗುಂಪೊಂದಿದೆ. ಒಂದು ದಿನ ವಿಡಿಯೋ ಕಾಲ್ ಇಟ್ಟರು. ಅಲ್ಲಿ ಸಂಜೆ, ಇಲ್ಲಿ ಬೆಳಗ್ಗೆ. ತಾತ ಟೈ ಕಟ್ಟಿಕೊಂಡು ಕೂತರು.

"ಶಾಲೆಯ ಗಂಟೆ ಹೇಗೆ ಮಾಯವಾಯ್ತು, ನಿಮಗೆ ಗೊತ್ತಾ?" ಅಂತ ಆ ಕಡೆಯಿಂದ ಕೇಳಿದರು.

ಈ ಕಥೆಯನ್ನು ತಾತ ನನಗೆ ಹತ್ತು ಸಲ ಹೇಳಿದ್ದರು. ಈಗ ನೆನಪೇ ಬರಲಿಲ್ಲ. ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡರು. ನಾನೇ ಹೇಳಿದೆ: ಇವರೂ ಬೇಕರಿಯವರ ಮಗನೂ ಸೇರಿ ಬ್ರೆಡ್ಡಿನ ಬುಟ್ಟಿಯಲ್ಲಿ ಗಂಟೆ ಬಚ್ಚಿಟ್ಟುಕೊಂಡು ಹೋಗಿ ಕೊಳಕ್ಕೆ ಹಾಕಿದ್ದು, ಮಾರನೇ ದಿನ ಮೇಷ್ಟ್ರು ತಟ್ಟೆ ಬಡಿದು ಶಾಲೆ ಬಿಟ್ಟಿದ್ದು.

ಅಲ್ಲಿನ ಅಜ್ಜಿಯೊಬ್ಬರು ಕ್ಯಾಮೆರಾ ಹತ್ತಿರ ಮುಖ ತಂದರು. "ಇಷ್ಟೆಲ್ಲ ಗೊತ್ತಿದೆಯಲ್ಲಮ್ಮ, ನೀನು ಯಾರ ಮನೆ ಹುಡುಗಿ?"

"ನಾನಿನ್ನೂ ನಿಮ್ಮೂರಿಗೇ ಬಂದಿಲ್ಲ ಅಜ್ಜಿ," ಅಂದೆ.

ಅಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾಕೆ ಅಂತ ತಿಳಿಯದೆ ತಾತನೂ ನಕ್ಕರು. ನಾನು ನೀರು ತರೋ ನೆಪ ಮಾಡಿಕೊಂಡು ಒಳಗೆ ಹೋಗಿ ಅತ್ತೆ.

ಪುಸ್ತಕ ಬಂತು

ಕಳೆದ ತಿಂಗಳು ಪುಸ್ತಕ ಅಚ್ಚಾಗಿ ಬಂತು. ಓಡಿಹೋಗಿ ತಾತನ ತೊಡೆಯ ಮೇಲಿಟ್ಟೆ. ಬಂದೇಬಿಡ್ತು ನೋಡಿ, ಗೆದ್ದುಬಿಟ್ರಿ ಅಂತ ಕೂಗೋದಕ್ಕೆ ಹೊರಟಿದ್ದೆ.

"ಯಾರು ಬರೆದದ್ದು ಇದು?" ಅಂತ ಕೇಳಿದರು.

ನಾವು ತಡ ಮಾಡಿಬಿಟ್ಟೆವು, ಇನ್ನೊಂದಾರು ತಿಂಗಳು ಮೊದಲೇ ಮುಗಿಸಬೇಕಿತ್ತು. ಪುಸ್ತಕ ತೆರೆದು ಓದಿದೆ. ತಾತ ಮಗುವಿನ ಹಾಗೆ ಕೇಳಿದರು. ಎಲ್ಲಿ ನಗಬೇಕೋ ಅಲ್ಲಿ ನಕ್ಕರು, ತಾಯಿಯ ಕೆಮ್ಮಿನ ಹತ್ತಿರ "ಪಾಪ, ಯಾರ ತಾಯಿಯೋ," ಅಂದರು. ನನಗೆ ಕಣ್ಣೀರು ತಡೆಯಲಾಗಲಿಲ್ಲ.

ಅದನ್ನು ನೋಡಿ ತಾತ ಗಾಬರಿಯಾದರು. "ಅಳಬೇಡಿ. ಇಂಥಾ ಊರನ್ನ ಬಿಟ್ಟು ಇಷ್ಟು ದೂರ ಯಾಕಮ್ಮ ಬಂದ್ರಿ?" ಅಂದವರೇ ನನ್ನ ಕೈಯಿಂದಲೇ ಮಗಳಿಗೆ ಫೋನ್ ಮಾಡಿಸಿದರು.

"ನೋಡು, ಈಯಮ್ಮನಿಗೆ ಊರಿನ ಚಿಂತೆ ಹತ್ತಿದೆ. ಇವತ್ತೇ ಇಂಗ್ಲೆಂಡಿಗೆ ಟಿಕೆಟ್ ಮಾಡಿಕೊಡು."

ಆ ಕಡೆ ಮಗಳು ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. "ಆಯ್ತಪ್ಪ, ಆದ್ರೆ ಅವರು ಹೋದ್ರೆ ನಿನ್ನ ಜೊತೆ ಯಾರಿರ್ತಾರೆ?"

"ನನಗೇನಾಗಬೇಕು?" ತಾತ ನನ್ನ ಬೆನ್ನು ತಟ್ಟಿದರು. "ನಾನು ಇಲ್ಲೇ ಹುಟ್ಟಿ ಬೆಳೆದವನು. ಊರು ಬಿಟ್ಟು ಬಂದಿರೋದು ಪಾಪ ಇವರು."