ಹಣ್ಣುನೊಣಕ್ಕೆ ಗಂಡು ನೋಡಿದ್ದು

ಮಗು ಹುಟ್ಟಿದ ಮನೆಯಲ್ಲಿ ಆಸ್ತಿಗಿಂತ ಮೊದಲು ಪಾಲಾಗುವುದು ಮಗುವಿನ ಮುಖ. ಮೂಗು ಇವರ ಕಡೆಯದು, ಕಿವಿ ಅವರ ಕಡೆಯದು ಎಂದು ತೊಟ್ಟಿಲಿಗೆ ಹಾಕುವ ಮುಂಚೆಯೇ ಹಂಚಿಕೆ ಮುಗಿದಿರುತ್ತದೆ. ನಮ್ಮ ಮಗಳು ಶೈಲಾ ಹುಟ್ಟಿದಾಗ ನನ್ನ ಹೆಂಡತಿ ಗಿರಿಜೆಯ ತವರಿನವರು ನರಸಿಂಹರಾಜಪುರದಿಂದ ಒಂದು ಜೀಪು ತುಂಬ ಬಂದು, ಮೂಗು, ಬಣ್ಣ, ಕೆನ್ನೆಯ ಗುಳಿ ಎಲ್ಲವನ್ನೂ ತಮ್ಮದೆಂದು ಸಾರಿ, ಊಟ ಮಾಡಿಕೊಂಡು ಹೋದರು. ನನಗೆ ಉಳಿದದ್ದು ತಲೆಯೊಂದೇ. ನಾನೂ ಬಿಡಲಿಲ್ಲ. ಹುಡುಗಿ ಓದಿನಲ್ಲಿ ಮುಂದೆ ಬರುತ್ತಿದ್ದಂತೆ, ಬಾಳೆಹೊನ್ನೂರಿನ ನನ್ನ ಪಾತ್ರೆ ಅಂಗಡಿಗೆ ಕುಕ್ಕರಿನ ಗ್ಯಾಸ್ಕೆಟ್ ಕೇಳಿಕೊಂಡು ಬಂದವರಿಗೂ "ತಲೆ ಮಾತ್ರ ನಮ್ಮ ಕಡೇದು" ಎಂದು ತಿಳಿಸಿಯೇ ಗ್ಯಾಸ್ಕೆಟ್ ಕೊಡುತ್ತಿದ್ದೆ. ಗಿರಿಜೆ ಈ ಮಾತಿಗೆ ಎದುರಾಡಿದ್ದಿಲ್ಲ. ಹಾಗಂತ ಒಪ್ಪಿದ್ದೂ ಇಲ್ಲ.

ಇಂಥ ತಲೆ ಇಟ್ಟುಕೊಂಡು ಮಗಳು ಓದಲು ಹಿಡಿದದ್ದು ನೊಣದ ತಲೆಯನ್ನು. ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಆ ಬೇಸಿಗೆ ಅಲ್ಲಿನ ಪ್ರಯೋಗಾಲಯದ ಏಸಿ ಕೆಟ್ಟು, ಸೆಕೆಗೆ ನೊಣಗಳು ಸತ್ತಾವೆಂದು ಎರಡು ಸೀಸೆ ನೊಣ ಮತ್ತು ಒಂದು ಸೂಕ್ಷ್ಮದರ್ಶಕ ಹೊತ್ತುಕೊಂಡು ಊರಿಗೆ ಬಂದಳು. ಬಾಳೆಹಣ್ಣಿನ ಮೇಲೆ ಗುಂಯ್‌ಗುಡುವ ಎಳ್ಳಿನಷ್ಟು ನೊಣ ಇದೆಯಲ್ಲ, ಅದೇ. ಅವಕ್ಕೆ ರವೆ, ಬೆಲ್ಲ ಕುದಿಸಿದ ಗಂಜಿಯಾಗಬೇಕು. ಗಿರಿಜೆ ಅದಕ್ಕೆ ಒಂದು ಚಮಚ ತುಪ್ಪ ಬಿಡಲು ಹೋಗಿ ಮಗಳ ಹತ್ತಿರ ಬೈಸಿಕೊಂಡಳು. "ಮನೆಗೆ ಬಂದವಕ್ಕೆ ಹಂಗೇ ಒಣ ಒಣ ಬಡಿಸದೇನೇ?" ಎಂದು ಇವಳ ಸಂಕಟ.

ಒಂದು ಸೀಸೆಯಲ್ಲಿ ತುಂಬು ಸಂಸಾರ, ಹುಳು ಮರಿಗಳು ಕಿಲಕಿಲ ಎನ್ನುತ್ತಿದ್ದವು. ಇನ್ನೊಂದರಲ್ಲಿ ಅದೇ ಸಂಸಾರದಲ್ಲಿ ಹುಟ್ಟಿ, ಬೇರೆ ಮಾಡಿಟ್ಟ ಬಿಳಿ ಕಣ್ಣಿನ ನೊಣಗಳು. ಅವು ಮೊಟ್ಟೆ ಇಡುತ್ತವೆ, ಒಂದೂ ಒಡೆಯುವುದಿಲ್ಲ. ಒಳಗೆ ಬೆಳೆಯುವ ಮರಿಗೆ ತಲೆಯೇ ಸರಿಯಾಗಿ ಮೂಡುವುದಿಲ್ಲವಂತೆ. ಅದೇಕೆ ಎಂದು ಕೇಳಿದೆ. ಶೈಲಾ ನನ್ನ ಕಾಫಿ ಲೋಟ ತೋರಿಸಿದಳು. "ಸಕ್ಕರೆ ಹಾಕಿ ಕಲಕದೆ ಬಿಟ್ರೆ ತಳದಲ್ಲಿ ಸಿಹಿ ಜಾಸ್ತಿ, ಮೇಲೆ ಕಮ್ಮಿ ಅಲ್ವಾ ಅಪ್ಪ? ತಾಯಿ ನೊಣ ಮೊಟ್ಟೆಯ ಒಂದು ತುದಿಗೆ ಹಂಗೇ ಒಂದು ಸಂದೇಶ ಕಟ್ಟಿಟ್ಟಿರುತ್ತೆ. ಅದರಿಂದ ಆಗೋ ಪ್ರೋಟೀನು ದಟ್ಟವಾಗಿರೋ ಕಡೆ ತಲೆ ಕಟ್ಟೋ ಜೀನುಗಳು ಕೆಲಸ ಶುರು ಮಾಡ್ತವೆ. ತೆಳುವಾದ ಕಡೆ ಎದೆ. ಇಲ್ಲದ ಕಡೆ ಹೊಟ್ಟೆ. ಈ ಬಿಳಿ ಕಣ್ಣಿನ ತಾಯಂದಿರಿಗೆ ಸಂದೇಶಾನ ತುದಿಗೆ ಕಟ್ಟಿಡೋಕೆ ಬರಲ್ಲ. ಕಾಫಿ ಕಲಕಿದ ಹಂಗೆ ಎಲ್ಲ ಕಡೆ ಹರಡಿಬಿಡುತ್ತೆ. ತಲೆ ಮೂಡುವಷ್ಟು ದಟ್ಟ ಎಲ್ಲೂ ಇರಲ್ಲ."

"ಸರಿ, ಇದರಲ್ಲಿ ಅಪ್ಪಂದೇನು?" ಎಂದೆ.

"ಏನೂ ಇಲ್ಲ. ಎಂಥ ಗಂಡು ತಂದು ಬಿಟ್ರೂ ಅಷ್ಟೇ. ತಲೆ ಎಲ್ಲಿ ಬರಬೇಕು ಅನ್ನೋದು ಪೂರ್ತಿ ತಾಯಿ ಕೈಲಿದೆ."

ಒಳಗೆ ರೊಟ್ಟಿ ತಟ್ಟುತ್ತಿದ್ದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಫೀಸು ಕಟ್ಟಿದ ಅಪ್ಪನ ಎದುರಿಗೇ ಹೇಳುವ ಮಾತೇ ಇದು!

ಮರುವಾರ ಶೈಲಾ ತನ್ನ ಗೈಡನ್ನು ಕಾಣಲು ಮೈಸೂರಿಗೆ ಹೋದಳು. ಗಂಜಿ ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಬಿಳಿ ಕಣ್ಣಿನವುಗಳ ಮರಿಯಿಲ್ಲದ ಸೀಸೆ ನೋಡಿದಾಗಲೆಲ್ಲ ನನಗೆ ಇದು ಹೆಣ್ಣಿನ ದೋಷವಲ್ಲ, ಸಂಬಂಧದ ದೋಷ ಎನಿಸತೊಡಗಿತು. ಒಳ್ಳೆಯ ಕಡೆಯ ಗಂಡು ತಂದರೆ ಎಲ್ಲ ಸರಿಹೋದೀತು. ಲೋಟದಲ್ಲಿ ಕಳಿತ ಬಾಳೆಹಣ್ಣಿಟ್ಟು, ಬಾಯಿಗೆ ಕಾಗದದ ಆಲಿಕೆ ಸಿಕ್ಕಿಸಿ, ಅಡುಗೆಮನೆಯ ನೊಣ ಹಿಡಿದೆ. ಬಡಕಲು ಪುಡಿ ನೊಣಗಳನ್ನೆಲ್ಲ ತಿರಸ್ಕರಿಸಿ, ಮೈಕೈ ತುಂಬಿಕೊಂಡ ದಷ್ಟಪುಷ್ಟ ವರಗಳನ್ನೇ ಆರಿಸಿ ಸೀಸೆಗೆ ಬಿಟ್ಟೆ. ಹೆಣ್ಣು ಕೊಡುವವರು ಅಷ್ಟಾದರೂ ನೋಡಬೇಕಲ್ಲ.

ವಾರ ಕಳೆಯುವುದರೊಳಗೆ ಗಂಜಿಯಲ್ಲಿ ಹುಳುಗಳು ಹರಿದಾಡಿದವು! ತಲೆಯಿದ್ದ ಹುಳುಗಳು! ಅಂಗಡಿ ಫೋನಿನಿಂದ ಮೈಸೂರಿಗೆ ಹಚ್ಚಿದೆ. "ಪುಟ್ಟೀ, ನಿನ್ನ ಥೀಸಿಸ್ ತಪ್ಪು ಮಾರಾಯ್ತಿ! ಅಪ್ಪಂದೂ ಇದೆ!" ಎಂದು ಕೂಗಿದೆ. ನಡೆದದ್ದೆಲ್ಲ ಹೇಳಿದೆ.

ಅತ್ತ ಕಡೆಯಿಂದ ಶೈಲಾ ಸಣ್ಣ ದನಿಯಲ್ಲಿ, "ಹಂಗಾದ್ರೆ ನನ್ನ ಕೆಲಸ ಎಲ್ಲಾ ಹೋಯ್ತು ಅಪ್ಪ" ಎಂದಳು. ಅಳುತ್ತಿದ್ದಳು. ಎಂಥ ಕೆಲಸ ಮಾಡಿದೆನಪ್ಪಾ ಎನಿಸಿತು.

ಮಾರನೆಯ ದಿನವೇ ಬಸ್ಸು ಹತ್ತಿ ಬಂದವಳು ಚಪ್ಪಲಿ ಬಿಟ್ಟದ್ದೇ ಸೂಕ್ಷ್ಮದರ್ಶಕದ ಮುಂದೆ ಕೂತಳು. ಸೀಸೆಯನ್ನು ಮಂಜುಗಡ್ಡೆಯಲ್ಲಿಟ್ಟು ನೊಣಗಳನ್ನು ಮಲಗಿಸಿ ಒಂದೊಂದಾಗಿ ನೋಡಿದಳು. ನೋಡುತ್ತ ನೋಡುತ್ತ ಭುಜ ಕುಲುಕತೊಡಗಿತು. ನಾನು ಹೆದರಿದೆ. ನಗುತ್ತಿದ್ದಾಳೆ!

"ಅಪ್ಪಾ, ಈ ಕೆಂಪು ಕಣ್ಣಿನವು ತಾನೇ ನೀನು ತಂದ ಗಂಡುಗಳು?"

"ಹೌದು. ಒಳ್ಳೆ ಗಟ್ಟಿಮುಟ್ಟಾಗಿದಾವಲ್ಲ."

"ನೊಣದಲ್ಲಿ ಗಂಡೇ ಸಣ್ಣ. ಇವೆಲ್ಲ ಹೆಣ್ಣು. ಎಲ್ಲಾ ಬಸುರಿಯರು. ಹೆರಿಗೆಗೆ ಕರಕೊಂಡು ಬಂದಿದೀಯ!"

ಗಿರಿಜೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಆದರೂ ಶೈಲಾಗೆ ಸಮಾಧಾನವಿಲ್ಲ. ಹೊರಗಿನ ಗಂಡು ತಂದರೆ ಏನಾಗುತ್ತದೆಂದು ಸರಿಯಾಗಿ ನೋಡಿಬಿಡಬೇಕೆಂದಳು. ತುಂಬು ಸಂಸಾರದ ಸೀಸೆಯಲ್ಲಿ ಆಗಷ್ಟೇ ಗೂಡಿನಿಂದ ಹೊರಬಂದ ಬಿಳಿ ಕಣ್ಣಿನ ಹೆಣ್ಣುಗಳನ್ನು ಬೇರೆ ಸೀಸೆಗೆ ಹಾಕಿ, ನಾನು ತಿರಸ್ಕರಿಸಿದ್ದ ಬಡಕಲು ಜಾತಿಯ ವರಗಳನ್ನೇ ಹಿಡಿದು ಬಿಟ್ಟಳು. ಆ ದಿನಗಳಲ್ಲಿ ಅವಳು ಸರಿಯಾಗಿ ಊಟ ಮಾಡಲಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿಯುವುದು, ಇಡುವುದು. ಅಂಗಡಿಯಲ್ಲಿ ಕೂತರೂ ನನ್ನ ಮನಸ್ಸು ಅಲ್ಲೇ. ದೇವರೇ, ಒಂದು ಹುಳುವೂ ಕಾಣದಿರಲಿ, ಅಪ್ಪಂದಿರ ಮಾನ ಎಲ್ಲಿಗಾದರೂ ಹೋಗಲಿ ಎಂದು ಬೇಡಿಕೊಂಡೆ.

ಮೊಟ್ಟೆಗಳು ಗಂಜಿಯ ಮೇಲೆ ಇಟ್ಟಹಾಗೇ ಉಳಿದವು. ಒಡೆಯುವ ಹೊತ್ತು ದಾಟಿತು, ಮತ್ತೂ ದಾಟಿತು. ಒಂದೂ ಒಡೆಯಲಿಲ್ಲ. ಶೈಲಾ "ಅಪ್ಪಾ!" ಎಂದು ಕಿರುಚಿದಳು. ನಾನು ಪಂಚೆ ಎತ್ತಿ ಕಟ್ಟಿ ಅಂಗಳದಲ್ಲೇ ಒಂದು ಸುತ್ತು ಕುಣಿದೆ. ಅವಳೂ ಕುಣಿದಳು.

ಗದ್ದಲ ಕೇಳಿ ಗಿರಿಜೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಸೀಸೆ ನೋಡಿದಳು, ನಮ್ಮಿಬ್ಬರನ್ನೂ ನೋಡಿದಳು. "ಅಲ್ರೀ, ಪಾಪದವು ಇಟ್ಟ ಮೊಟ್ಟೆ ಒಂದೂ ಒಡೀಲಿಲ್ಲ ಅಂತ ಕುಣೀತಾ ಇದೀರಲ್ಲ, ನಿಮಗೆ ಕರುಳು ಅನ್ನದು ಇದೆಯಾ? ನನ್ನ ಕಡೇರು ಯಾರೂ ಹಿಂಗಿಲ್ಲಪ್ಪ. ಇವಳು ಪೂರ್ತಿ ನಿಮ್ಮ ಥರಾನೇ" ಎಂದು ಒಳಗೆ ಹೋದಳು.

ಇಷ್ಟು ವರ್ಷ ಅವಳ ಬಾಯಿಂದ ಕೇಳಬೇಕೆಂದು ಕಾದಿದ್ದ ಮಾತು. ಸಿಕ್ಕಿದ್ದು ಬೈಗುಳವಾಗಿ. ಆದರೂ ನಾನು ಬೇಡ ಎನ್ನಲಿಲ್ಲ.