ಬೀಜ ಮುಟ್ಟದ ದುಂಬಿಯವರಿಗೆ

ಮಾನ್ಯ ಕುರುವಾಯಿ ದುಂಬಿಯವರೇ,

ತಲೆಯ ಮೇಲೆ ಕೊಂಬು ಹೊತ್ತು, ನಮ್ಮ ತೆಂಗಿನ ಮರದ ಸುಳಿಯನ್ನು ಕೊರೆದು ಮುಗಿಸಿ, ಬನ್ನಂಜೆಯ ನಮ್ಮ ಮನೆಯ ಟ್ಯೂಬ್‌ಲೈಟಿಗೆ ತಲೆ ಬಡಿದು, ನೇರವಾಗಿ ನನ್ನ ಮಗಳ ತಟ್ಟೆಯ ಪಕ್ಕದಲ್ಲೇ ಬಂದಿಳಿದ ತಮಗೆ ಅನಂತ ವಂದನೆಗಳು. ಅವಳು ಕೊಟ್ಟ ಐಸ್‌ಕ್ರೀಮ್ ಡಬ್ಬಿಯ ನಿವಾಸ, ಮುಚ್ಚಳದ ತೂತಿನ ಗಾಳಿ, ನೂರು ಕಾಲಿನ ಚೋರಟೆ ಮತ್ತು ಬಸವನಹುಳುಗಳ ಸಹವಾಸ, ಎಲ್ಲವೂ ತಮಗೆ ಹಿತವಾಗಿದೆಯೆಂದು ನಂಬಿದ್ದೇನೆ. ನಿದ್ದೆಯಂತೂ ತಮಗೆ ಸೊಗಸಾಗಿ ಬರುತ್ತಿದೆ, ಕಂಡರೆ ಹೊಟ್ಟೆಕಿಚ್ಚಾಗುತ್ತದೆ. ಖಾಸಗಿಯಾಗಿ ಬೇಡಿಕೊಂಡದ್ದು ತಮ್ಮ ಕಿವಿಗೆ ಬೀಳದ ಕಾರಣ ಈ ಬಹಿರಂಗ ಪತ್ರ.

ವಿಷಯ ಇಷ್ಟೇ. ತಾವು ಉಣ್ಣುತ್ತಿಲ್ಲ, ಆದ್ದರಿಂದ ನನ್ನ ಮಗಳು ಮೋಕ್ಷಾಳೂ ಉಣ್ಣುತ್ತಿಲ್ಲ. “ಮನೆಗೆ ಬಂದವರು ಉಣ್ಣದೆ ನಾವು ಉಣ್ಣಬಾರದು ಮಗಾ” ಎಂದು ನನ್ನ ಅತ್ತೆಯವರು ಅವಳಿಗೆ ಕಲಿಸಿದ್ದಾರೆ. ಬಂದವರಿಗೆ ಕಾಲು ಎಷ್ಟಿರಬೇಕೆಂದು ಅವರು ಹೇಳಿರಲಿಲ್ಲ. ಮಣಿಪಾಲದ ಡಾಕ್ಟರು ಮಗುವನ್ನು ತೂಕ ಮಾಡಿ, “ಇವಳಿಗೆ ಎಂತ ತಿನ್ನಿಸ್ತೀರಿ ನೀವು?” ಎಂದು ಕೇಳಿದಾಗ, ದುಂಬಿಯವರನ್ನು ವಿಚಾರಿಸಿ ಹೇಳುತ್ತೇನೆ ಎನ್ನಲು ನನಗೆ ಬಾಯಿ ಬರಲಿಲ್ಲ.

ಸಾಕುಪ್ರಾಣಿಗಳ ಅಂಗಡಿಯ ಲಿಯೋನೆಲ್, “ಬೀಜ ನೆನೆಸಿ ಇಡಿ ಅಕ್ಕ, ಹುಳ ಅಲ್ವಾ, ತಿಂತದೆ” ಎಂದರು. ಆಹಾರ ವಿಜ್ಞಾನದಲ್ಲಿ ಪದವಿ ಪಡೆದ ನಾನು, ಆ ಪದವಿಯ ಸಾರ್ಥಕತೆ ಇದರಲ್ಲೇ ಉಂಟೆಂದು ಬಗೆದು, ಸೂರ್ಯಕಾಂತಿ ಬೀಜವನ್ನು ನೆನೆಸಿ, ಸಿಪ್ಪೆ ಸುಲಿದು, ಸೌತೆ ಬೀಜ ಮತ್ತು ಎಳ್ಳಿನೊಂದಿಗೆ ಬಾಟಲಿ ಮುಚ್ಚಳದಲ್ಲಿ ತಮ್ಮ ಸನ್ನಿಧಿಗೆ ಇಟ್ಟೆ. ಬಸವನಹುಳು ನೆಂಟಸ್ತಿಕೆಯ ಮರ್ಯಾದೆ ಉಳಿಸಿ ನೆಕ್ಕಿತು. ಚೋರಟೆಯೂ ಬಾಯಿ ಹಾಕಿತು. ತಾವು ಮಾತ್ರ ಬೀಜದ ರಾಶಿಯ ಮೇಲೆ ಹತ್ತಿ, ಕೊಂಬು ಎತ್ತಿ, ಸಭೆಯ ಅಧ್ಯಕ್ಷರಂತೆ ನಿಂತಿರಿ.

ಕೆಲವು ದಿನ ತಮ್ಮ ಪರವಾಗಿ ಆ ಬೀಜಗಳನ್ನು ಸಿಂಕಿನಲ್ಲಿ ತೊಳೆದು, ನಿಂತಲ್ಲೇ ನಾನು ತಿಂದೆ. ನನ್ನ ಬೆಳಗ್ಗಿನ ತಿಂಡಿಯೂ ಅದೇ ಆಯಿತು. ಖಾಲಿ ಮುಚ್ಚಳ ಕಂಡು ಮೋಕ್ಷಾ ಗಂಜಿಗೆ ಬಾಯಿ ತೆರೆದಳು. ಆದರೆ ನೆಂಟರನ್ನು ಒತ್ತಾಯಿಸದೆ ಬಿಡುವುದು ಈ ಊರಿನ ಕ್ರಮವಲ್ಲವೆಂದು ಅವಳಿಗೆ ಈಗ ಹೊಳೆದಿದೆ. ಆದ್ದರಿಂದ ಡಬ್ಬಿಯ ಎದುರು ಚಕ್ಕಳಮಕ್ಕಳ ಕೂತು, “ನಾಚಬೇಡಿ, ಇನ್ನು ಸ್ವಲ್ಪ ಹಾಕಿಕೊಳ್ಳಿ” ಎಂದು ಕಣ್ಣು ಕೀಳದೆ ಉಪಚರಿಸುತ್ತಾಳೆ. ಅತ್ತ ಗಂಜಿ ಕೆನೆಗಟ್ಟುತ್ತದೆ. ದೋಹಾದಲ್ಲಿರುವ ನನ್ನ ಗಂಡ ಶ್ರವಣ್ ವಿಡಿಯೊದಲ್ಲಿ, “ಬೇರೆ ದುಂಬಿ ಹಿಡಿದು ಹಾಕು ಮಾರಾಯ್ತಿ” ಎಂದು ಪರಿಹಾರ ಸೂಚಿಸಿದ್ದಾರೆ. ಹಿಡಿಯುವುದಕ್ಕೆ ಬರುವುದಾಗಿ ಸೂಚಿಸಿಲ್ಲ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಮಗಳ ಕಣ್ಣೆದುರು ಒಂದೇ ಒಂದು ಎಳ್ಳನ್ನಾದರೂ ಜಗಿಯಬೇಕು. ಹಲ್ಲಿನ ತೊಂದರೆಯಿದ್ದರೆ ಜಗಿದಂತೆ ನಟಿಸಿದರೂ ಸಾಕು. ಅದೂ ಘನತೆಗೆ ಕುಂದೆನಿಸಿದರೆ ಎಲ್ಲರಿಗೂ ಕೇಳುವಂತೆ ಒಮ್ಮೆ ತೇಗಿ, ಮನೆಯವರು ಉಣ್ಣಲು ತಮ್ಮ ಅಭ್ಯಂತರವಿಲ್ಲವೆಂದು ಅಪ್ಪಣೆ ಕೊಡಿಸಬೇಕು. ಇಷ್ಟಾದರೆ ಉಳಿದ ತೆಂಗಿನ ಮರಗಳ ಸುಳಿಯನ್ನೂ ತಮ್ಮ ಹೆಸರಿಗೇ ಬಿಟ್ಟುಕೊಡಲು ನಾನು ಸಿದ್ಧ.

ತಮ್ಮ ಮೊದಲ ತುತ್ತನ್ನೇ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಆಶ್ರಿತಾ
(ಮೋಕ್ಷಾಳ ಅಮ್ಮ)

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಮೋಕ್ಷಾ ಗಂಜಿಯ ತಟ್ಟೆಯನ್ನು ನನ್ನ ಮುಂದೆ ತಂದಿಟ್ಟು, “ಅಮ್ಮಾ, ನೀನು ಕಾರ್ಕಳದಿಂದ ಈ ಮನೆಗೆ ಬಂದವಳಂತೆ, ಅಜ್ಜಿ ಹೇಳಿದ್ರು. ಮೊದಲು ನೀನು ಉಣ್ಣು” ಎಂದಳು. ಮದುವೆಯಾದ ಮೇಲೆ ಈ ಮನೆಯಲ್ಲಿ ಮೊದಲ ಬಾರಿ ಬಿಸಿ ಗಂಜಿ ಉಂಡೆ. ಅವಳೂ ತನ್ನ ತಟ್ಟೆ ಖಾಲಿ ಮಾಡಿದಳು. ಹಾಗಾಗಿ ಡಬ್ಬಿಯ ಮುಚ್ಚಳ ತೆರೆದಿಟ್ಟಿದ್ದೇನೆ, ತಾವು ದಯಮಾಡಿಸಬಹುದು. ಹೋಗುವ ಮುಂಚೆ ಒಂದು ಉಪಕಾರ: ಅತ್ತೆಯವರೂ ಒಂದು ಕಾಲದಲ್ಲಿ ಎಲ್ಲೂರಿನಿಂದ ಈ ಮನೆಗೆ ಬಂದವರೇ ಎಂಬುದು ಮಗುವಿಗೆ ಇನ್ನೂ ಗೊತ್ತಿಲ್ಲ. ತಾವಾಗಿ ಹೇಳಬೇಡಿ.