ಹೆನೆಲೆಯ ಮೊಣಕಾಲು ವಾಸಿಯಾದದ್ದು

ಎಲ್ಲ ತಾಪತ್ರಯಕ್ಕೂ ಕಾರಣ ನರ್ಸ್ ವಿಕಾ ಆಡಿದ ಒಂದು ಮಾತು. "ಬೆಳಿಗ್ಗೆ ರಕ್ತ ಪರೀಕ್ಷೆಗೆ ನಡ್ಕೊಂಡೇ ಬಾ ಹೆನೆಲೆ. ಯಾರ ಗಾಡೀನೂ ಹತ್ಬೇಡ."

ಟೊಂಗಾ ದ್ವೀಪದಲ್ಲಿ ಅಷ್ಟು ಭಾರಿ ಆಳು ರಸ್ತೆಯಲ್ಲಿ ನಡೆದು ಹೋದರೆ ಊರು ಸುಮ್ಮನಿರುತ್ತದೆಯೇ? ಆದರೂ ಹೆನೆಲೆ ಹೊರಟ. ಮೂರು ತಿಂಗಳಿಂದ ಚರ್ಚಿನ ಹಜಾರದಲ್ಲಿ ವಿಕಾ ಹೇಳಿಕೊಟ್ಟಂತೆ ಬಗ್ಗಿ, ಎದ್ದು, ಬೆವರಿ ಬಸವಳಿದಿದ್ದ. ಮೈಯೊಳಗಿನ ಉರಿಯೂತ ಇಳಿದಿದ್ದರೆ ಮರುದಿನ ಸೋದರತ್ತೆಯ ಮೊಮ್ಮಗಳ ಮದುವೆಯಲ್ಲಿ ಕುಣಿಯಬಹುದು ಎಂದು ಡಾಕ್ಟರು ಹೇಳಿದ್ದರು. ವರ್ಷಗಟ್ಟಲೆ ಊದಿದ ಮೊಣಕಾಲು ಚಾಚಿಕೊಂಡು ಮುದುಕರ ಬೆಂಚಿನಲ್ಲಿ ಚಪ್ಪಾಳೆ ತಟ್ಟಿ ಅವನಿಗೆ ಸಾಕಾಗಿ ಹೋಗಿತ್ತು.

ಬೇಲಿ ದಾಟುವಷ್ಟರಲ್ಲಿ ಪಕ್ಕದ ಮನೆಯ ಪೆನಿ ಗಾಡಿ ನಿಲ್ಲಿಸಿದ. "ಏನೋ, ಹೆಂಡ್ತಿ ಓಡ್ಸಿದ್ಲಾ?"

"ಇಲ್ಲ ಮಾರಾಯ, ವ್ಯಾಯಾಮ."

"ಅಷ್ಟು ಕಷ್ಟ ಬಂತಾ? ಹತ್ತು, ಹತ್ತು. ನಾಚ್ಕೋಬೇಡ."

ಹೆನೆಲೆ ಹತ್ತಲಿಲ್ಲ. ಬಿದ್ದರೆ ಎತ್ತಿ ಹಾಕಿಕೊಳ್ಳೋಣವೆಂದು ಪೆನಿ ಆಮೆಯಂತೆ ಹಿಂದೆಯೇ ಬಂದ. ಅವನ ಹಿಂದೆ ಇನ್ನೆರಡು ಗಾಡಿ ಸೇರಿಕೊಂಡವು. ಯಾರದೋ ಶವಯಾತ್ರೆ ಎಂದುಕೊಂಡು ಎದುರಿಗೆ ಬಂದವರು ಟೋಪಿ ತೆಗೆದರು.

ಜಗಲಿ ಜಗಲಿಯಿಂದ "ಬಾ, ಊಟ ಮಾಡು!" ಎಂಬ ಕೂಗು. ಕರೆಯುವುದೂ ರೂಢಿ, ಬೇಡ ಅನ್ನುವುದೂ ರೂಢಿ. ಆದರೆ ಸೋದರತ್ತೆ ಮೆಲೆನೈತೆ ಕರೆದರೆ ಬೇಡ ಅನ್ನುವ ಗಂಡು ಆ ವಂಶದಲ್ಲಿ ಇನ್ನೂ ಹುಟ್ಟಿರಲಿಲ್ಲ. ಅಪ್ಪನ ಅಕ್ಕ ಎಂದರೆ ಅಲ್ಲಿ ಮನೆಗೇ ಒಡತಿ.

"ಮುಖ ಬಾಡಿ ಹೋಗಿದೆ. ಕೂತ್ಕೋ, ತಿನ್ನು."

"ಅತ್ತೆ, ಪರೀಕ್ಷೆ ಇದೆ..."

"ಹೊಟ್ಟೇಲಿ ಏನೂ ಇಲ್ದೆ ರಕ್ತ ಎಲ್ಲಿಂದ ಕೊಡ್ತೀಯೋ?"

ಸುಟ್ಟ ಹಂದಿ, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆ, ಗೆಣಸು ಎಲ್ಲವೂ ಒಳಗೆ ಹೋಯಿತು. ಅಷ್ಟು ಸಾಲದೆಂದು ಅತ್ತೆ ಅವನನ್ನು ಪೆನಿಯ ಗಾಡಿಗೆ ಹತ್ತಿಸಿ ತಾನೂ ಹತ್ತಿದಳು.

ಆಸ್ಪತ್ರೆಯ ತೂಕದ ಯಂತ್ರ ಮೂರು ತಿಂಗಳ ಹಿಂದೆ ತೋರಿಸಿದ್ದನ್ನೇ ತೋರಿಸಿತು. ಹೆನೆಲೆ ಇಳಿದು ಇನ್ನೊಮ್ಮೆ ಹತ್ತಿ ನೋಡಿದ. "ಎಲ್ಲಾ ಹೋಯ್ತು ವಿಕಾ. ಹಂದಿ ಕೆಡಿಸ್ಬಿಡ್ತು."

ಮಧ್ಯಾಹ್ನ ರಕ್ತದ ವರದಿ ಬಂತು. ವಿಕಾ ಅದನ್ನು ಎರಡು ಸಲ ಓದಿ ನಕ್ಕಳು. "ತೂಕ ಇಳೀದಿದ್ರೂ ಉರಿಯೂತ ಅರ್ಧಕ್ಕರ್ಧ ಇಳಿದಿದೆ ಕಣೋ! ಎಲ್ರಿಗೂ ಇಷ್ಟು ಇಳಿಯಲ್ಲ. ಮೂರು ತಿಂಗಳು ಬೆವರಿದ್ದು ಒಂದು ಹೊತ್ತಿನ ಹಂದಿಗೆ ಕೆಡುತ್ತಾ?" ಮೊಣಕಾಲು ಒತ್ತಿ ನೋಡಿದಳು. ಬಾವು ಇರಲಿಲ್ಲ. "ಹೋಗು, ಧಾರಾಳವಾಗಿ ಕುಣಿ. ವ್ಯಾಯಾಮ ಮಾತ್ರ ಬಿಡ್ಬೇಡ."

ಹೆನೆಲೆಗೆ ಸ್ವರ್ಗಕ್ಕೆ ಮೂರೇ ಗೇಣು. ಅತ್ತೆಯ ಕಣ್ಣೂ ತುಂಬಿ ಬಂತು. ಅವನ ಕೆನ್ನೆ ಸವರಿದಳು.

"ಅಂತೂ ಕಾಲು ಗಟ್ಟಿಯಾಯ್ತು. ದೇವರು ದೊಡ್ಡವನು. ನನ್ನ ಮನೆ ಮದುವೇಲಿ ಹಂದಿ ಸುಡೋ ಒಲೆಗುಂಡಿ ತೋಡೋದು, ಅಡುಗೆ ಬೇಯಿಸೋದು ತಮ್ಮನ ಮಗನ ಕೆಲಸ. ಕಾಲು ನೋವು ಅಂತ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ನಡಿ, ಗುದ್ದಲಿ ಹಿತ್ತಲಲ್ಲಿದೆ."

"ಅತ್ತೆ, ಕುಣಿತ..."

"ನಿನ್ನ ಜಾಗದಲ್ಲಿ ಪೆನಿ ಕುಣೀತಾನೆ. ಪಾಪ, ಸೊಂಟ ನೋವು ಅವನಿಗೆ. ಗುಂಡಿ ತೋಡೋಕಾಗಲ್ಲ."

ಆ ಸಂಜೆ ಹಿತ್ತಲಿನಲ್ಲಿ ಹೆನೆಲೆ ಬಗ್ಗಿ ಮಣ್ಣು ತೋಡಿದ, ಎದ್ದ, ಮತ್ತೆ ಬಗ್ಗಿದ. ಏದುಸಿರೂ ಬರಲಿಲ್ಲ. ದೇವರೇ, ಒಂದೇ ಒಂದು ಸಲ ನೋಯಿಸಪ್ಪಾ ಎಂದು ಬೇಡಿಕೊಂಡ. ಮೊಣಕಾಲು ಚಕಾರ ಎತ್ತಲಿಲ್ಲ.